ಸತ್ಯಾಂಶ: ಬೈಪಾಸ್ ವಾಲ್ವ್ ಬದಲಿಸಿದರೆ ಪವರ್ ಹೆಚ್ಚುತ್ತದೆಯೇ?

ಹಳೇ ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಕಾರಿಗೆ ದೊಡ್ಡ ಬೈಪಾಸ್ ವಾಲ್ವ್ ಹಾಕಿಸಿದರೆ ದೇವಿಮನೆ ಘಟ್ಟ ಸಲೀಸು ಎಂಬ ಸಂದೇಶ ಶಿರಸಿ, ಕುಮಟಾ ಕಡೆ ಮತ್ತೆ ಮತ್ತೆ ಬರುತ್ತದೆ. ಇದು ಸರಿಯಲ್ಲ. ಬೂಸ್ಟಿನ, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡದ, ಮಿತಿ ಕಾಯುವುದು ವೇಸ್ಟ್‌ಗೇಟ್ ಎಂಬ ಬೇರೆಯೇ ಭಾಗ. ಪೆಟ್ರೋಲ್ ಕಾರಿನ ಬೈಪಾಸ್ ವಾಲ್ವ್ ತೆರೆಯುವುದು ಆಕ್ಸಿಲರೇಟರ್ ಬಿಟ್ಟಾಗ, ಒಳಗೆ ಸಿಕ್ಕಿಕೊಂಡ ಒತ್ತಡದ ಗಾಳಿಯನ್ನು ಬಿಡಲು. ಏರು ಹತ್ತುವಾಗ ಅದು ಮುಚ್ಚಿಯೇ ಇರಬೇಕು. ಹಳೇ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಈ ವಾಲ್ವೇ ಇರುವುದಿಲ್ಲ.

ಸಂದೇಶ ನಂಬುವವರಿಗೂ ಕಾರಣವಿದೆ. ವಾಲ್ವ್ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದ್ದರೆ ಬೂಸ್ಟ್ ಸೋರುತ್ತದೆ, ಹೊಸದು ಹಾಕಿದಾಗ ಕಳೆದುಹೋದ ಎಳೆತ ಮರಳುತ್ತದೆ. ಅದಕ್ಕೆ ಕಂಪನಿ ಅಳತೆಯದೇ ಸಾಕು. ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿದರೆ, ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಅಳೆದ ಗಾಳಿಯೇ ಕೈತಪ್ಪಿ, ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಮುಗ್ಗರಿಸುತ್ತದೆ.

ನೀವೇ ನೋಡಬಹುದು: ವಾಲ್ವ್ ಬಿಚ್ಚಿ, ಸಣ್ಣ ನಳಿಕೆಗೆ ಕೈ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆಯಿರಿ. ವಾಲ್ವ್ ತೆರೆದು, ಪಂಪಿನ ಮೀಟರ್ ಮುಳ್ಳು ಇಳಿಯದೆ ನಿಂತರೆ ಡಯಾಫ್ರಮ್ ಗಟ್ಟಿ ಇದೆ. ವಾಲ್ವ್ ತೆರೆಯದಿದ್ದರೆ ಅಥವಾ ಮುಳ್ಳು ಇಳಿದರೆ ಮಾತ್ರ ಬದಲಿಸಿ. ರಬ್ಬರ್ ಹೋಸ್, ಕ್ಲಿಪ್‌ಗಳನ್ನೂ ನೋಡಿ, ಕರಾವಳಿಯ ಉಪ್ಪುಗಾಳಿಗೆ ಕ್ಲಿಪ್ ಬೇಗ ತುಕ್ಕು ಹಿಡಿಯುತ್ತದೆ.