ತುತ್ತು ತುರುಕುವುದನ್ನು ನಿಲ್ಲಿಸಿ

ನಿನ್ನೆ ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಕಂಡದ್ದಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ. ವರ್ಷ ತುಂಬದ ಕೂಸು. ಒಬ್ಬರು ಅದರ ಮುಂದೆ ಮೊಬೈಲ್ ಹಿಡಿದಿದ್ದರು, ಇನ್ನೊಬ್ಬರು ಕೈಗಳೆರಡನ್ನೂ ಒತ್ತಿ ಹಿಡಿದಿದ್ದರು, ಮತ್ತೊಬ್ಬರು ಕೆನ್ನೆ ಅದುಮಿ ಅನ್ನ ತುರುಕುತ್ತಿದ್ದರು. ಮಗು ಮುಖ ತಿರುಗಿಸಿತು, ತುಟಿ ಬಿಗಿಯಿತು, ಕೊನೆಗೆ ಅತ್ತಿತು. ಅಳಲು ಬಾಯಿ ತೆರೆದದ್ದೇ ತಡ, ಇನ್ನೊಂದು ತುತ್ತು ಒಳಗೆ! ಅಳುವಾಗ ಹಾಕಿದ ತುತ್ತು ಶ್ವಾಸನಾಳಕ್ಕೆ ಇಳಿಯಬಹುದು ಎಂಬ ಭಯ ಅಲ್ಲಿ ಯಾರಿಗೂ ಇರಲಿಲ್ಲ. ಅವರು ಗಾಬರಿಯಾದದ್ದು ನಮ್ಮ ಪುಟ್ಟಿಯನ್ನು ನೋಡಿ. ಅವಳು ಬೇಯಿಸಿದ ಸಿಹಿಗುಂಬಳದ ಹೋಳನ್ನು ತಾನೇ ಹಿಡಿದು ಚೀಪುತ್ತಿದ್ದಳು. "ಹಲ್ಲೇ ಬಂದಿಲ್ಲವಲ್ಲಮ್ಮ, ಗಂಟಲಿಗೆ ಸಿಕ್ಕಿಕೊಂಡರೆ?"

ಆ ಭಯ ನನಗೂ ಗೊತ್ತು. ಅವಳು ಮೊದಲ ಸಲ ಓಕರಿಸಿದಾಗ ನನ್ನ ಜೀವವೇ ಬಾಯಿಗೆ ಬಂದಿತ್ತು. ಆದರೆ ಓಕರಿಸುವುದು ಬೇರೆ, ಉಸಿರು ಕಟ್ಟುವುದು ಬೇರೆ. ಆರು ತಿಂಗಳ ಮಗುವಿಗೆ ತುತ್ತು ನಾಲಿಗೆಯ ನಡುವಿಗೆ ಬಂದರೂ ಓಕರಿಕೆ ಬರುತ್ತದೆ. ಸದ್ದು ಮಾಡಿ, ಕೆಮ್ಮಿ, ತಾನೇ ಹೊರಗೆ ತಳ್ಳುತ್ತದೆ. ನಿಜವಾಗಿ ಉಸಿರು ಕಟ್ಟಿದ ಮಗು ಅಳಲೂ ಆಗದೆ, ಕೆಮ್ಮಲೂ ಆಗದೆ ನಿಶ್ಶಬ್ದವಾಗುತ್ತದೆ. ನ್ಯೂಜಿಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುರಕ್ಷಿತ ಆಹಾರದ ಬಗ್ಗೆ ತಾಯಂದಿರಿಗೆ ಮೊದಲೇ ತಿಳಿಹೇಳಿ ಮಕ್ಕಳನ್ನು ಗಮನಿಸಿತು. ತಾವೇ ತಿನ್ನುವ ಮಕ್ಕಳಲ್ಲಿ ಉಸಿರು ಕಟ್ಟುವುದು ಚಮಚದಲ್ಲಿ ತಿನ್ನಿಸಿಕೊಳ್ಳುವ ಮಕ್ಕಳಿಗಿಂತ ಹೆಚ್ಚಿರಲಿಲ್ಲ. ಮಗು ನೆಟ್ಟಗೆ ಕೂರಬೇಕು, ದೊಡ್ಡವರು ಪಕ್ಕದಲ್ಲೇ ಇರಬೇಕು, ಹೋಳು ಬೆರಳುಗಳ ನಡುವೆ ಹಿಸುಕಿದರೆ ನುಣ್ಣಗಾಗುವಷ್ಟು ಬೆಂದಿರಬೇಕು. ಇಡೀ ದ್ರಾಕ್ಷಿ, ಕಡಲೆಕಾಯಿ ಬೀಜ, ಹಸಿ ಕ್ಯಾರೆಟ್ ಬೇಡವೇ ಬೇಡ.

"ಹೀಗಾದರೆ ಹೊಟ್ಟೆ ತುಂಬುವುದು ಯಾವಾಗ?" ಎಂಬುದು ಅತ್ತೆಯವರ ಕಾಲದಿಂದಲೂ ಇರುವ ಪ್ರಶ್ನೆ. ಆರು ತಿಂಗಳಿಗೆ ಎದೆಹಾಲು ನಿಂತುಹೋಗುವುದಿಲ್ಲವಲ್ಲ! ಎರಡು ವರ್ಷ ಮತ್ತು ಅದಕ್ಕೂ ಮೇಲೆ ಕುಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಳ್ಮೆಯಿಂದ ಉಣಿಸಿ, ಬಲವಂತ ಮಾಡಬೇಡಿ ಎಂದೂ ಹೇಳುತ್ತದೆ. ಸಾಕು ಎಂದು ಹೇಳಲು ಮಗುವಿಗೆ ಮಾತಿಲ್ಲ, ಮುಖ ತಿರುಗಿಸುವುದೊಂದೇ ದಾರಿ. ಅದನ್ನೂ ಕಿತ್ತುಕೊಂಡರೆ ಹೇಗೆ?

ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಬರೀ ಹಣ್ಣು, ತರಕಾರಿ ಚೀಪಿಸಿದರೆ ಸಾಲದು. ಹುಟ್ಟುವಾಗ ತಂದ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಶೇ. 67ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಅದಕ್ಕೇ ನಮ್ಮಲ್ಲಿ ರಾಗಿ ಸರಿ, ಬೇಳೆ, ಮೊಟ್ಟೆ ಇದ್ದೇ ಇರುತ್ತದೆ. ಸರಿಯನ್ನು ಗಟ್ಟಿಯಾಗಿ ಕಾಯಿಸಿ, ಚಮಚಕ್ಕೆ ತುಂಬಿ ಅವಳ ಕೈಗೇ ಕೊಡುತ್ತೇನೆ. ಅರ್ಧ ಕೆನ್ನೆಗೆ, ಅರ್ಧ ಬಾಯಿಗೆ. ಆಗ ಅವಳ ಮುಖ ಅರಳುವುದನ್ನು ನೀವು ನೋಡಬೇಕು.

ಪುಟ್ಟಿಯನ್ನು ನೋಡಲು ಬರುತ್ತೇವೆ ಎಂದಿರುವ ಅಕ್ಕಂದಿರೇ, ಚಿಕ್ಕಮ್ಮಂದಿರೇ, ಖಂಡಿತ ಬನ್ನಿ. ಅವಳ ಜೊತೆಯಲ್ಲೇ ಕೂತು ಊಟ ಮಾಡಿ. ಇಡ್ಲಿ ಚೂರನ್ನು ಅವಳ ತಟ್ಟೆಯಲ್ಲಿಡಿ, ಬಾಯಿಗಲ್ಲ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನಂತೂ ನೆಕ್ಕಿಸಲೇಬೇಡಿ.