ನಾನು ರೋಬೋಟ್ ಅಲ್ಲ ಸ್ವಾಮಿ, ಮಂಡ್ಯದವನು

ನಮ್ಮ ಚಿಕ್ಕಪ್ಪ ಹೋದ ವಾರ ತಾನು ಮನುಷ್ಯ ಅಂತ ಸಾಬೀತು ಮಾಡಲು ಎರಡು ಗಂಟೆ ಒದ್ದಾಡಿದರು. ಮಂಡ್ಯದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು. ಅರವತ್ತೆಂಟು ವರ್ಷ, ಎರಡೆಕರೆ ಕಬ್ಬು, ಮೂರು ಮೊಮ್ಮಕ್ಕಳು, ಒಂದು ಎಮ್ಮೆ. ಇಷ್ಟೆಲ್ಲ ಇದ್ದರೂ ಕಂಪ್ಯೂಟರಿಗೆ ಅನುಮಾನ.

ವಿಷಯ ಒಂದು ಅರ್ಜಿ. ಯಾವ ಇಲಾಖೆ, ಯಾವ ಪೋರ್ಟಲ್ ಅಂತ ಕೇಳಬೇಡಿ, ನೀವೂ ತುಂಬಿರುತ್ತೀರಿ. ಅದರ ನೆತ್ತಿಯ ಮೇಲೆ ‘ಜನಸ್ನೇಹಿ’ ಅಂತ ಬರೆದಿದೆ. ಹೋಟೆಲ್ ಬೋರ್ಡಿನಲ್ಲಿ ‘ಶುಚಿ-ರುಚಿ’ ಅಂತ ಇರುತ್ತದಲ್ಲ, ಹಾಗೆ.

ಮೊದಲು ಹೆಸರು. ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡರ ಪಕ್ಕದಲ್ಲೂ ಕೆಂಪು ಸ್ಟಾರ್, ಅಂದರೆ ತುಂಬದೆ ಮುಂದೆ ಬಿಡುವುದಿಲ್ಲ. ಚಿಕ್ಕಪ್ಪನ ಕಾಗದಪತ್ರದಲ್ಲೆಲ್ಲ ಇರುವುದು ಇಂಥವರು ಬಿನ್ ಇಂಥವರು ಅಂತ. ಹಾಗಾದರೆ ಲಾಸ್ಟ್ ನೇಮ್ ಯಾವುದು, ಅಪ್ಪನ ಹೆಸರಾ, ಊರಿನ ಹೆಸರಾ? ಇನಿಷಿಯಲ್ ಹಾಕಿದರೆ ಅದರ ಚುಕ್ಕೆ ಬೇಡ ಎಂದಿತು. ಚುಕ್ಕೆ ತೆಗೆದರೆ ಕನಿಷ್ಠ ಮೂರು ಅಕ್ಷರ ಬೇಕು ಎಂದಿತು. ಅಂಗಡಿ ಹುಡುಗ ಸುಮ್ನೆ ಮೊದಲಿನ ಹೆಸರನ್ನೇ ಇನ್ನೊಂದು ಸಲ ಹೊಡೆದ. ನಾಳೆ ಇದು ಆಧಾರ್ ಹೆಸರಿಗೆ ತಾಳೆಯಾಗುವುದಿಲ್ಲ ಅಂತ ಅರ್ಜಿ ವಾಪಸ್ ಬರುತ್ತದೆ, ಆಗ ಈ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕು.

ಆಮೇಲೆ ಸರ್ವೆ ನಂಬರ್. ಪಹಣಿ ನೋಡಿದವರಿಗೆ ಗೊತ್ತು, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಅಂತ ಮೂರು ಭಾಗ, ನಡುವೆ ಓರೆಗೆರೆ, ಸರ್ನೋಕ್ ಜಾಗದಲ್ಲಿ ಬಹಳ ಜನಕ್ಕೆ ಬರೀ ಒಂದು ಸ್ಟಾರ್ ಗುರುತು. ಪಹಣಿಯಲ್ಲಿ ಇದ್ದ ಹಾಗೇ ಹುಡುಗ ಹೊಡೆದ. ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ ಅಂತ ಪೋರ್ಟಲ್ ಇಂಗ್ಲಿಷಿನಲ್ಲಿ ಬೈಯಿತು. (ಮೇಲೆ ಕನ್ನಡದ ಬಟನ್ ಇದೆ. ಅದನ್ನು ಒತ್ತಿದರೆ ‘ಮುಖಪುಟ’ ಮಾತ್ರ ಕನ್ನಡವಾಗುತ್ತದೆ, ಬೈಗುಳ ಇಂಗ್ಲಿಷಿನಲ್ಲೇ ಉಳಿಯುತ್ತದೆ.) ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ್ದು 2000ದ ಹೊತ್ತಿನ ‘ಭೂಮಿ’ ಯೋಜನೆ. ಸುಮಾರು ಎರಡು ಕೋಟಿ ಪಹಣಿ, ಸಣ್ಣ ಕೆಲಸವೇನಲ್ಲ. ಈಗ ಒಂದು ಕಂಪ್ಯೂಟರ್ ಸ್ಟಾರ್ ಅಚ್ಚು ಹಾಕಿ ಕೊಡುತ್ತದೆ, ಇನ್ನೊಂದು ಅಂಥದ್ದು ಲೋಕದಲ್ಲೇ ಇಲ್ಲ ಎನ್ನುತ್ತದೆ. ಎರಡೂ ಒಂದೇ ಮನೆಯವು, ಭಾಗ ಆದಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಹಳೇ ಆದೇಶದಿಂದ ವಿಳಾಸವನ್ನು ಕಾಪಿ ಮಾಡಿ ಅಂಟಿಸಿದರೆ ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ‘ನುಡಿ’ ತಂತ್ರಾಂಶದ ಹಳೇ ಫಾಂಟು. ಅದರ ‘ನ’ ಅಕ್ಷರ ಇಲ್ಲಿ ಬ್ರಿಟನ್ನಿನ ಪೌಂಡ್ ಗುರುತಾಗಿ ಕಾಣುತ್ತದೆ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ, ಕಚೇರಿ ಇನ್ನೂ ದಾರಿಯಲ್ಲಿದೆ.

ಫೋಟೋ 50 ಕೆಬಿ ಒಳಗಿರಬೇಕಂತೆ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಅಂತ ಮಗ ಕೊಡಿಸಿದ ಫೋನಿನ ಫೋಟೋ ಅದು. ಕುಗ್ಗಿಸಿ ಕುಗ್ಗಿಸಿ ಕೊನೆಗೆ ಚಿಕ್ಕಪ್ಪನ ಮೀಸೆ ಮಾತ್ರ ಉಳಿಯಿತು.

ಇನ್ನು ‘ನಾನು ರೋಬೋಟ್ ಅಲ್ಲ’ ಅನ್ನುವ ಚೌಕ. ಫೈರ್ ಹೈಡ್ರಂಟ್ ಇರುವ ಚಿತ್ರಗಳನ್ನೆಲ್ಲ ಒತ್ತಿ ಅಂತ ಬಂತು. ಅಮೆರಿಕದ ಬೀದಿಯಲ್ಲಿ ಬೆಂಕಿ ಆರಿಸಲು ನಿಲ್ಲಿಸಿರುತ್ತಾರಲ್ಲ, ಆ ಕೆಂಪು ನಲ್ಲಿ.

“ಇದೇನ್ ಮಗಾ, ಗರಡಿ ಮನೆ ಗದೆ ಇದ್ದಂಗದೆ?”

“ಗೌಡ್ರೇ, ಅದನ್ನೇ ಒತ್ತಿ.”

ಮೂರು ಸಲ ಒತ್ತಿದರು, ಮೂರು ಸಲವೂ ತಪ್ಪು. ಮನುಷ್ಯರನ್ನೂ ಕಂಪ್ಯೂಟರನ್ನೂ ಬೇರೆ ಮಾಡಲು ಹುಟ್ಟಿದ ಈ ಪರೀಕ್ಷೆಗೆ ಕ್ಯಾಪ್ಚಾ ಅಂತ ಹೆಸರಿಟ್ಟು ಇಪ್ಪತ್ತು ವರ್ಷ ದಾಟಿತು. 2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಹೋಲಿಸಿ ನೋಡಿದರೆ ಬಾಟ್‌ಗಳೇ, ಅಂದರೆ ಮನುಷ್ಯರ ಬದಲು ತಾವೇ ಒತ್ತುವ ಪ್ರೋಗ್ರಾಂಗಳೇ, ಇದನ್ನು ಮನುಷ್ಯರಿಗಿಂತ ಬೇಗ ಬಿಡಿಸುತ್ತವೆ. ಅಂದರೆ ತಡಬಡಾಯಿಸಿದವನೇ ಮನುಷ್ಯ ಅಂತಾಯಿತು. ಚಿಕ್ಕಪ್ಪ ಮೂರು ಸಲ ಅಪ್ಪಟ ಮನುಷ್ಯರಾಗಿ ಮೂರು ಸಲವೂ ಫೇಲ್ ಆದರು.

ಬಯೋಮೆಟ್ರಿಕ್ ಇದೆಯಲ್ಲ, ಅದಾದರೂ ಆಗಲಿ ಅಂದುಕೊಂಡೆವು. ಕಬ್ಬು ಕಡಿದು ಸವೆದ ಬೆರಳು, ಮೆಷಿನ್ನಿಗೆ ಗೆರೆಯೇ ಕಾಣಲಿಲ್ಲ. ಓದು ಬಾರದವರನ್ನು ಹೆಬ್ಬೆಟ್ಟು ಅಂತ ಹಂಗಿಸುತ್ತಿದ್ದ ಕಾಲ ಒಂದಿತ್ತು. ಈಗ ಎಸ್ಸೆಸ್ಸೆಲ್ಸಿ ಪಾಸಾದ ಚಿಕ್ಕಪ್ಪ ಹೆಬ್ಬೆಟ್ಟಾಗಲೂ ಲಾಯಕ್ಕಿಲ್ಲ. ಉಳಿದಿದ್ದು ಓಟಿಪಿ. ಅದು ಹೋಗುವುದು ಬೆಂಗಳೂರಿನ ಮಗನ ನಂಬರಿಗೆ, ಅವನು ಮೀಟಿಂಗಿನಲ್ಲಿ. ಅವನು ಹೊರಗೆ ಬಂದು ಆರು ಅಂಕಿ ಹೇಳುವಷ್ಟರಲ್ಲಿ ಅವಧಿ ಮುಗಿದಿತ್ತು, ತುಂಬಿದ್ದೆಲ್ಲ ಅಳಿಸಿಹೋಗಿತ್ತು.

ಜನಕ್ಕೆ ಬೇಕಾದಂತೆ ಕಂಪ್ಯೂಟರ್ ಮಾಡಿ ಅಂತ ಹೇಳಲು ಜಗತ್ತಿನಲ್ಲಿ ಒಂದು ಮಾನದಂಡವೇ ಇದೆ, ಐಎಸ್ಒ 9241ರ 210ನೇ ಭಾಗ, 2010ರಲ್ಲಿ ಬಂತು, 2019ರಲ್ಲಿ ತಿದ್ದಿದರು. ಯಾರು ಬಳಸುತ್ತಾರೆ, ಎಲ್ಲಿ ಕೂತು, ಯಾವ ಕೆಲಸಕ್ಕೆ ಅಂತ ಮೊದಲು ತಿಳಿದುಕೊಳ್ಳಿ, ಅವರನ್ನು ಕೊನೇವರೆಗೂ ಜೊತೆಗಿಟ್ಟುಕೊಳ್ಳಿ ಎನ್ನುತ್ತದೆ. ನಮ್ಮವರು ಪಾಲಿಸಿಲ್ಲ ಅಂತ ನಾನು ಹೇಳುವುದಿಲ್ಲ. ಪಾಲಿಸಿದ್ದಾರೆ. ಬಳಸುವವರು ಅಂದರೆ ಜೆರಾಕ್ಸ್ ಅಂಗಡಿ ಹುಡುಗ, ಅಷ್ಟೇ. ಅವನಿಗೆ ಎಲ್ಲ ಸಲೀಸು. ಸರ್ವರ್ ಬೆಳಿಗ್ಗೆ ಎಂಟರೊಳಗೆ ಎದ್ದಿರುತ್ತದೆ, ಸ್ಟಾರ್ ಜಾಗಕ್ಕೆ ಸೊನ್ನೆ ಹಾಕಬೇಕು, ಓಟಿಪಿ ಬರುವವರಿಗೆ ಮೊದಲೇ ಫೋನ್ ಮಾಡಿ ಕೂರಿಸಿರಬೇಕು, ಎಲ್ಲ ಬಾಯಿಪಾಠ. ಮಧ್ಯವರ್ತಿಗಳ ಕಾಟ ತಪ್ಪಲಿ ಅಂತ ಆನ್‌ಲೈನ್ ಮಾಡಿದರಲ್ವಾ? ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಅರ್ಜಿ ಬರೆಯುತ್ತಿದ್ದವರು ಎದ್ದು ಹೋದರು, ಅದೇ ಮರದ ಎದುರು ಇವನು ಪ್ರಿಂಟರ್ ಇಟ್ಟ. ರೇಟು ಐವತ್ತು ರೂಪಾಯಿ. ಪಾಪ, ಅವನ ತಪ್ಪೇನೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ಚಿಕ್ಕಪ್ಪನನ್ನು ನೋಡಿ ಮನುಷ್ಯ ಅಂತ ಗುರುತಿಸಿದವನು ಅವನೊಬ್ಬನೇ, ಟೀ ಬೇರೆ ತರಿಸಿದ.

ಎರಡನೇ ಸುತ್ತಿನಲ್ಲಿ ಅರ್ಜಿ ಹೋಯಿತು. ರಶೀದಿ ಬರುವ ಮುಂಚೆ ಒಂದು ಡಬ್ಬಿ ಎದ್ದು ನಿಂತಿತು. ನಮ್ಮ ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ಸ್ಟಾರ್? ಒತ್ತದೆ ಪ್ರಿಂಟ್ ಬರುವುದಿಲ್ಲ. ಹುಡುಗ ಕಣ್ಣು ಮುಚ್ಚಿ ಐದು ಒತ್ತಿದ.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು.

“ಅಲ್ಲ ಕಣ್ ಮಗಾ, ನನ್ ಜಮೀನಿಂದು ಒಂದೇ ಒಂದು ಸ್ಟಾರ್ ಇತ್ತು, ಅದ ಬ್ಯಾಡ ಅಂದ್ರು. ಈಗ ಐದು ಇಸ್ಕತಾವ್ರಲ್ಲಾ?”