ಹತ್ತೂವರೆ ಕಿಲೋ ಉಪ್ಪು

ನಮ್ಮದು ಕುಂಬಳೆಯ ಬಳಿ, ಅಡುಗೆಮನೆಯಲ್ಲಿ ಬೆಳ್ಳುಳ್ಳಿಗೂ ಜಾಗವಿಲ್ಲದ ಮನೆ. ಅಂಥ ಮನೆಯ ಚಾವಡಿಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿಯಿಟ್ಟು ಕಡಲ ಮೀನು ಸಾಕುತ್ತೇನೆ ಎಂದಾಗ ಅಮ್ಮ ತಕರಾರು ಎತ್ತಿದ್ದು ಮೀನಿಗಲ್ಲ, ಉಪ್ಪಿಗೆ. ಲೀಟರಿಗೆ 35 ಗ್ರಾಂನಂತೆ ಮುನ್ನೂರು ಲೀಟರಿಗೆ ಹತ್ತೂವರೆ ಕಿಲೋ. ಅದೂ ಅಕ್ವೇರಿಯಂ ಅಂಗಡಿಯ ದುಬಾರಿ ಉಪ್ಪು.

"ಪಡು ದಿಕ್ಕಿನ ಕಿಟಕಿ ತೆರೆದರೆ ಕಡಲಿನ ಸದ್ದು ಕೇಳುತ್ತದೆ. ದುಡ್ಡು ಕೊಟ್ಟು ಉಪ್ಪುನೀರು ಮಾಡುವವನು ಈ ಊರಿಗೆ ನೀನೊಬ್ಬನೇ ಮಾರಾಯ. ಇಷ್ಟು ಉಪ್ಪಿದ್ದರೆ ನಾಲ್ಕು ಭರಣಿ ಮಿಡಿ ಹಾಕುತ್ತಿದ್ದೆ."

ಮಳೆಗಾಲದಲ್ಲಿ ಹೊಳೆನೀರು ಸೇರಿ ಕರಾವಳಿಯ ನೀರು ಕೆಂಪಾಗುತ್ತದೆ, ಉಪ್ಪಿನಂಶ ಇಳಿಯುತ್ತದೆ ಎಂದು ವಿವರಿಸತೊಡಗಿದೆ. ಅಮ್ಮ ಎದ್ದು ಹೋದರು.

ತಂದದ್ದು ಕೋರಿಸ್ ಜಾತಿಯ ರಾಸ್ ಎಂಬ ಕಡಲ ಮೀನು. ಬೆರಳುದ್ದದ ಮರಿ, ಕೆಂಪು ಬೆರೆತ ಕಿತ್ತಳೆ ಮೈ, ಬೆನ್ನ ಮೇಲೆ ಕಪ್ಪಂಚಿನ ಬಿಳಿ ಬೊಟ್ಟುಗಳು. ಬಾಲ ಬೀಸುವುದು ಅಪರೂಪ. ಪಕ್ಕದ ರೆಕ್ಕೆಗಳನ್ನು ಬಡಿದುಕೊಂಡು ಹಾರುವಂತೆ ಈಜುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿಗೆ ತಕ್ಕ, ಹಾರಿ ಕುಣಿಯುವ ಪುಂಡುವೇಷ ಎಂದು ಬೀಗಿದೆ. ದೊಡ್ಡದಾದರೆ ಒಂದಡಿ ದಾಟುತ್ತದೆ ಎಂಬುದನ್ನು ಅಂಗಡಿಯವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮೊದಲ ರಾತ್ರಿಯೇ ಮೀನು ಮಾಯ. ಟಾರ್ಚು ಹಿಡಿದು ಸೋಫಾದ ಅಡಿಯವರೆಗೂ ಹುಡುಕಿದೆವು. ಕೊನೆಗೆ ಅಪವಾದ ಬೆಕ್ಕಿನ ಮೇಲೆ ಬಂದು ಅದರ ಹಾಲು ನಿಂತಿತು. ಬೆಳಗ್ಗೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ತೊಟ್ಟಿಯ ಮರಳು ಅಲುಗಿ ಒಂದು ಮೂತಿ ಹೊರಬಂತು. ಈ ಜಾತಿಯವರು ಮರಳಿನೊಳಗೆ ಹುಗಿದುಕೊಂಡು ಮಲಗುವವರಂತೆ. ಬೆಕ್ಕಿನ ಬಳಿ ಯಾರೂ ಕ್ಷಮೆ ಕೇಳಲಿಲ್ಲ.

ಪಾಚಿ ತಿನ್ನಲಿ ಎಂದು ತಂದ ಆರು ಬಸವನಹುಳುಗಳನ್ನು ಅದು ವಾರದಲ್ಲಿ ಮುಗಿಸಿತು. ಚಿಕ್ಕಪುಟ್ಟ ಕಲ್ಲುಗಳನ್ನು ಮೂತಿಯಿಂದ ಮಗುಚಿ, ನಾನು ಜೋಡಿಸಿದ್ದನ್ನೆಲ್ಲ ತನ್ನ ವಾಸ್ತುವಿನ ಪ್ರಕಾರ ಬದಲಿಸಿತು. ಇಷ್ಟಾದರೂ ಹಸಿವು ಹಸಿವೇ. ಹೀಗಾಗಿ ಸ್ಕೂಟರಿನಲ್ಲಿ ಮೀನು ಮಾರುವವನನ್ನು ಒಂದು ದಿನ ಗೇಟಿನ ಬಳಿ ತಡೆದು ಐವತ್ತು ರೂಪಾಯಿಯ ಸಿಗಡಿ ಕೇಳಿದೆ. ಇಷ್ಟು ವರ್ಷ ನಮ್ಮ ಗೇಟಿನ ಮುಂದೆ ಹಾರ್ನನ್ನೂ ಹಾಕದ ಸಭ್ಯಸ್ಥ.

"ಮೀನಿಗೆ," ಎಂದೆ.

"ಗೊತ್ತಾಯಿತು ಭಟ್ಟರೇ," ಎಂದು ದನಿ ತಗ್ಗಿಸಿ, ಎರಡು ಪದರ ಪೇಪರಿನಲ್ಲಿ ಸುತ್ತಿ ಕೊಟ್ಟ. "ನಾನು ಯಾರಿಗೂ ಹೇಳುವುದಿಲ್ಲ."

ಮರುದಿನದಿಂದ ಅವನ ಹಾರ್ನು ನಮ್ಮ ಗೇಟಿನೆದುರೇ ಎರಡು ಸಲ ಕೇಳತೊಡಗಿತು. ಹೇಳುವ ಅಗತ್ಯವೇ ಬೀಳಲಿಲ್ಲ.

ಮುಂದಿನ ಮೇ ಹೊತ್ತಿಗೆ ಮೀನು ಗೇಣುದ್ದವಾಗಿತ್ತು. ಒಂದು ಸಂಜೆ ಗುಡುಗಿತು. ಅಂಗಳದಲ್ಲಿ ಒಣಗುತ್ತಿದ್ದ ಹಲಸಿನ ಹಪ್ಪಳವನ್ನು ಚಾಪೆ ಸಮೇತ ಒಳಗೆ ತಂದು ತೊಟ್ಟಿಯ ಪಕ್ಕದಲ್ಲೇ ಹಾಸಿದೆವು. ನಾನು ಬಲೆಯ ಮುಚ್ಚಳ ತೆಗೆದು ಸಿಹಿನೀರು ಸುರಿಯುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ಆದ್ದರಿಂದ ಇದು ನಿತ್ಯದ ಕೆಲಸ. ಸಿಡಿಲು ಬಡಿದು ಕರೆಂಟು ಹೋಯಿತು. ಕತ್ತಲಲ್ಲಿ ಛಳ್ ಎಂದು ಮುಖಕ್ಕೆ ನೀರು ರಾಚಿತು, ಬೆನ್ನಿಗೇ ಚಾಪೆಯ ಮೇಲೆ ಪಟಪಟ ಸದ್ದು.

ಮೊಬೈಲ್ ಬೆಳಕಿನಲ್ಲಿ ಕಂಡದ್ದು ಇಷ್ಟು: ಅರೆಒಣಗಿದ ಹಪ್ಪಳಗಳ ನಡುವೆ ಪುಂಡುವೇಷ ಒಂದೇ ಸಮನೆ ದಿಗಿಣ ಹೊಡೆಯುತ್ತಿದೆ; ಒಂದು ಹಪ್ಪಳ ಅದರ ಹೊಟ್ಟೆಗೇ ಅಂಟಿಕೊಂಡಿದೆ. ನಾನು ಚೊಂಬು ಹಿಡಿದು ಕಂಬದಂತೆ ನಿಂತಿದ್ದೆ. ಜನ್ಮದಲ್ಲಿ ಮೀನು ಮುಟ್ಟದ ಅಮ್ಮ ಗೆರಸೆ ತಂದು, ಮೀನನ್ನು ಎರಡು ಹಪ್ಪಳದೊಂದಿಗೆ ಮೊಗೆದು ತೊಟ್ಟಿಗೆ ಸುರಿದು, ಸೀದಾ ಬಚ್ಚಲಿಗೆ ನಡೆದರು. ಆ ಮಳೆಯಲ್ಲಿ ತಲೆಸ್ನಾನ. ಮೀನು ಮರಳು ಸೇರಿದ್ದು ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಅಮ್ಮ ಮಾತ್ರ ಬೆಳಗ್ಗಿನಿಂದ ನಾಲ್ಕು ಸಲ ಬಂದು ಇಣುಕಿ ಹೋದರು.

ಇನ್ನೂರು ಹಪ್ಪಳ ಎಸೆಯುವುದು ಹೇಗೆ? ಒಣಗಿಸಿ, ಕಟ್ಟು ಕಟ್ಟಿ, ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಕಳುಹಿಸಿದ್ದಾಯಿತು. "ಅವನು ಹೇಗೂ ಎಲ್ಲವನ್ನೂ ತಿನ್ನುತ್ತಾನಂತೆ," ಎಂದರು ಅಮ್ಮ, ನನ್ನ ಮುಖ ನೋಡದೆ.

ಹದಿನೈದು ದಿನದಲ್ಲಿ ಅವನ ಫೋನು ಬಂತು. "ಅಜ್ಜೀ, ಈ ಸಲ ಹಪ್ಪಳಕ್ಕೆ ಉಪ್ಪು ಎಷ್ಟು ಹದವಾಗಿ ಹಿಡಿದಿದೆ! ಯಾವ ಉಪ್ಪು ಹಾಕಿದ್ದು?"

ಅಮ್ಮ ಫೋನನ್ನು ನನ್ನ ಕಡೆ ಚಾಚಿದರು.